ಸೂರ್ಯನ ಜೊತೆ ಒಂದು ಸುತ್ತು

ಮಾಲ್ಮೊ ಸ್ಟೇಷನ್ನಿನಿಂದ ರೈಲು ಬಂದ ದಾರಿಗೇ ವಾಪಸ್ ಹೊರಟಾಗ ನನ್ನ ಕೈಕಾಲು ತಣ್ಣಗಾದವು. ಕೋಪನ್‌ಹೇಗನ್ ವಿಮಾನ ನಿಲ್ದಾಣದ ಅಡಿಯಲ್ಲೇ ಇರುವ ಸ್ಟೇಷನ್ನಿನಲ್ಲಿ ಹತ್ತುವಾಗ, ಮುಖ ಮುಂದಕ್ಕಿರುವ ಕಿಟಕಿ ಸೀಟನ್ನೇ ಹುಡುಕಿ ಕೂತಿದ್ದೆ. ಡೆನ್ಮಾರ್ಕಿನಿಂದ ಸ್ವೀಡನ್ನಿಗೆ ಸಮುದ್ರದ ಮೇಲೆ ಕಟ್ಟಿದ ಉದ್ದನೆಯ ಸೇತುವೆಯನ್ನು ಕಣ್ತುಂಬ ನೋಡಿಕೊಂಡು ಬಂದಿದ್ದೆ. ನೀರಿನ ನಡುವೆ ನಿಂತು ಗಿರಗಿರ ತಿರುಗುವ ಗಾಳಿಯಂತ್ರಗಳನ್ನು ಕಂಡು ಬಾಯಿ ಬಿಟ್ಟಿದ್ದೆ. ಈಗ ನೋಡಿದರೆ ಬೆನ್ನು ಮುಂದೆ, ಮುಖ ಹಿಂದೆ!

“ಮಂಜುನಾಥ್, ರೈಲು ವಾಪಸ್ ಹೋಗ್ತಾ ಇದೆ. ಏಳ್ರಿ, ಏಳ್ರಿ!” ಎಂದು ಬ್ಯಾಗು ಹಿಡಿದು ಎದ್ದೇಬಿಟ್ಟೆ.

ನನ್ನನ್ನು ಕರೆದೊಯ್ಯಲು ಬಂದಿದ್ದ ತಂಗಿಯ ಗಂಡ ಮಂಜುನಾಥ್ ನಗು ತಡೆದುಕೊಂಡು, “ಕೂತ್ಕೊಳ್ಳಿ ಅಕ್ಕ. ಈ ಸ್ಟೇಷನ್‌ನಲ್ಲಿ ಹಳಿ ಇಲ್ಲಿಗೇ ಮುಗಿಯುತ್ತೆ. ಡ್ರೈವರ್ ಆ ಕಡೆ ತುದಿಗೆ ಹೋಗಿ ಕೂತ್ಕೋತಾನೆ, ಅಷ್ಟೇ,” ಎಂದರು. ಎದುರು ಸೀಟಿನ ಹೆಂಗಸು ಪುಸ್ತಕದಿಂದ ತಲೆ ಎತ್ತಲಿಲ್ಲ. ಈ ದೇಶದಲ್ಲಿ ಯಾರ ಗಾಬರಿಯನ್ನೂ ಯಾರೂ ಗಮನಿಸುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ನನ್ನ ತೀರ್ಮಾನಗಳು ಯಾವಾಗಲೂ ಸ್ವಲ್ಪ ಬೇಗ.

ಅದು ೨೦೦೭ರ ಮೇ ತಿಂಗಳು. ಮಾಲ್ಮೊ ದಾಟಿದ ಮೇಲೆ ಎರಡೂ ಕಡೆ ಕಣ್ಣು ಕುಕ್ಕುವಷ್ಟು ಹಳದಿ ಹೊಲಗಳು. ನಮ್ಮ ದಾವಣಗೆರೆ ಸುತ್ತಿನ ಸೂರ್ಯಕಾಂತಿ ಹೊಲಗಳೇ ಎಂದುಕೊಂಡೆ. ಅದು ಎಣ್ಣೆ ತೆಗೆಯುವ ಒಂದು ಬಗೆಯ ಸಾಸಿವೆಯಂತೆ. ತಂಗಿಯ ಊರಾದ ಹೆಲ್ಸಿಂಗ್‌ಬೋರ್ಯ್ ಮುಟ್ಟಲು ಒಟ್ಟು ಒಂದೂಕಾಲು ಗಂಟೆಯ ದಾರಿ. ಅರ್ಧ ದಾರಿಯಲ್ಲಿ ಮಂಜುನಾಥ್ ಗಂಟಲು ಸರಿ ಮಾಡಿಕೊಂಡರು.

“ಅಕ್ಕ, ಒಂದ್ ವಿಷ್ಯ. ಶೈಲಾ ನಿಮಗೆ ಹೇಳಿಲ್ಲ. ಬರೋ ಶನಿವಾರ ಅವಳದು ಗೈಡ್ ಟೆಸ್ಟ್ ಇದೆ.”

“ಯಾವ ಗೈಡು?”

“ಟೂರಿಸ್ಟ್ ಗೈಡ್. ಜನರಿಗೆ ಹಳೇ ಊರು ಸುತ್ತಿಸೋದು. ಮುಕ್ಕಾಲು ಗಂಟೆ ಸ್ವೀಡಿಷ್‌ನಲ್ಲೇ ಮಾತಾಡ್ಬೇಕು, ಏನೂ ನೋಡ್ಕೊಂಡು ಓದೋ ಹಂಗಿಲ್ಲ. ಹೋದ ವರ್ಷಾನೂ ಟ್ರೈ ಮಾಡಿದ್ಳು. ಅರ್ಧದಲ್ಲಿ ನಿಂತ್‌ಬಿಟ್ಳು ಅಕ್ಕ, ಮಾತೇ ಬರ್ಲಿಲ್ವಂತೆ. ಎಲ್ರಿಗೂ ಥ್ಯಾಂಕ್ಸ್ ಹೇಳಿ ಮನೆಗೆ ಬಂದ್ಲು. ಈ ಸಲ ಆಗ್ಲಿಲ್ಲ ಅಂದ್ರೆ ಇನ್ನು ಅದರ ಹೆಸರೂ ಎತ್ತಲ್ಲ ಅಂತಾಳೆ. ನಾನು ಹೇಳ್ದೆ ಅಂತ ಮಾತ್ರ ಬಾಯಿ ಬಿಡ್ಬೇಡಿ.”

ಶೈಲಾ, ಗೈಡು! ನಾನು ಕಿಟಕಿಯ ಹಳದಿಯನ್ನು ಮರೆತು ಕೂತೆ. ನನಗಿಂತ ಒಂಬತ್ತು ವರ್ಷ ಚಿಕ್ಕವಳು ನನ್ನ ತಂಗಿ. ಮನೆಗೆ ಬಂದವರು “ನಿನ್ ಹೆಸರೇನಮ್ಮಾ?” ಎಂದರೆ ನನ್ನ ಮುಖ ನೋಡುತ್ತಿದ್ದಳು, ನಾನು “ಶೈಲಾ ಅಂತ” ಎನ್ನುತ್ತಿದ್ದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಪದ್ಯ ಹೇಳಲು ವೇದಿಕೆ ಹತ್ತಿದವಳು ಅಲ್ಲಿಂದಲೂ ನನ್ನ ಮುಖವನ್ನೇ ನೋಡಿದ್ದಳು. ನಾನು ಕೆಳಗಿನಿಂದ ಸಾಲು ಸಾಲು ತುಟಿಯಾಡಿಸಿದ್ದೆ. ಇದೇ ಮಂಜುನಾಥ್ ಹೆಣ್ಣು ನೋಡಲು ಬಂದಾಗ ಅವಳಿಗೆ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವಳು ನಾನೇ. ನನಗೆ ಮಾತಿಗೆ ಬರವಿಲ್ಲ. ದಾವಣಗೆರೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತೇನೆ. ಮೆಷಿನುಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ಪಕ್ಕದ ಬೀದಿಗೂ ಕೇಳಿಸುತ್ತದೆ. ಮನೆಯ ಪಾಲಿನ ಮಾತನ್ನೆಲ್ಲ ನಾನೇ ಖರ್ಚು ಮಾಡಿದೆ ಎಂದು ಅಮ್ಮ ರೇಗಿಸುತ್ತಿದ್ದಳು.

ಹೆಲ್ಸಿಂಗ್‌ಬೋರ್ಯ್ ಬಂದರು ಊರು. ಸ್ಟೇಷನ್ ನೆಲದಡಿ ಇದೆ, ಅದರ ತಲೆಯ ಮೇಲೇ ಡೆನ್ಮಾರ್ಕಿಗೆ ಹೋಗುವ ಹಡಗುಗಳ ಕಟ್ಟೆ. ಹೊರಗೆ ಬಂದ ಕೂಡಲೇ ಸಮುದ್ರದ ಗಾಳಿ ಸೆರಗನ್ನು ಕಿತ್ತುಕೊಂಡು ಹೋಗುವಂತೆ ಬೀಸಿತು. ಮೇ ತಿಂಗಳಲ್ಲಿ ಸ್ವೆಟರ್ರಿನ ಮೇಲೆ ಜಾಕೆಟ್ಟು! ಆಚೆ ದಡದಲ್ಲಿ ಡೆನ್ಮಾರ್ಕಿನ ಕೋಟೆ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಹಡಗಿನಲ್ಲಿ ಇಪ್ಪತ್ತು ನಿಮಿಷ ಸಾಕಂತೆ. ನಮ್ಮಲ್ಲಿ ಹರಿಹರಕ್ಕೆ ಹೋಗುವಷ್ಟು ಹೊತ್ತಿನಲ್ಲಿ ಇವರು ಬೇರೆ ದೇಶಕ್ಕೆ ಹೋಗಿ ತರಕಾರಿ ತರುತ್ತಾರೆ.

ತಂಗಿಯ ಮನೆ ಊರಿನ ಗುಡ್ಡದ ಮೇಲೆ, ನಾಲ್ಕು ಮಹಡಿಯ ಇಟ್ಟಿಗೆಯ ಕಟ್ಟಡದಲ್ಲಿ. ಬಾಗಿಲಲ್ಲೇ ಶೂ ಬಿಡುವ ಪದ್ಧತಿ ನೋಡಿ ಸಂತೋಷವಾಯಿತು. ಬಿಳಿಯರು ಹಾಸಿಗೆಯವರೆಗೂ ಬೂಟಿನಲ್ಲೇ ನಡೆಯುತ್ತಾರೆ ಎಂದು ನನಗೆ ಯಾರೋ ಹೇಳಿದ್ದರು. ಇಲ್ಲಿಯ ಪ್ರತಿ ಮನೆಯ ಬಾಗಿಲಲ್ಲೂ ನಮ್ಮ ಹಾಗೆಯೇ ಚಪ್ಪಲಿ ಸಾಲು. ಆದರೆ ಮೆಟ್ಟಿಲಲ್ಲಿ ಎದುರಾದವರು “ಹೇ” ಎಂದು ಒಂದಕ್ಷರ ಉದುರಿಸಿ ಗೋಡೆ ಸವರಿಕೊಂಡು ಹೋಗಿಬಿಡುವುದು ಮಾತ್ರ ನನಗೆ ಹಿಡಿಸಲಿಲ್ಲ. “ಯಾರೇ ಅವರು?” ಎಂದರೆ ಶೈಲಾ, “ಮೂರನೇ ಮಹಡಿಯವ್ರು. ಒಳ್ಳೆಯವ್ರು,” ಎಂದಳು. ಮಾತೇ ಆಡದವರು ಒಳ್ಳೆಯವರೆಂದು ಇವಳಿಗೆ ಹೇಗೆ ಗೊತ್ತೋ! ಅವಳ ಆರು ವರ್ಷದ ಮಗಳು ಮೇಘಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟಳು. ಪ್ರಶ್ನೆ ಅರ್ಥವಾಗಿದೆ ಎಂಬುದಷ್ಟೇ ನನ್ನ ಸಮಾಧಾನ.

ಎರಡನೆಯ ದಿನ ಬೆಳಿಗ್ಗೆ ಮೂವರೂ ಕೆಲಸ, ಶಾಲೆ ಎಂದು ಹೊರಟರು. ಶೈಲಾಗೆ ಮಧ್ಯಾಹ್ನದವರೆಗೆ ಒಂದು ಶಿಶುವಿಹಾರದ ಅಡುಗೆಮನೆಯಲ್ಲಿ ಕೆಲಸ. ಇಲ್ಲಿ ಅದಕ್ಕೆ ದಾಗಿಸ್ ಎನ್ನುತ್ತಾರೆ. ನಾನು ಸುಮ್ಮನೆ ಕೂರುವ ಜಾತಿಯವಳಲ್ಲ. ಪ್ರಯಾಣದ ಸೀರೆಗಳನ್ನು ಎತ್ತಿಕೊಂಡು, ಶೈಲಾ ಹಿಂದಿನ ದಿನ ತೋರಿಸಿದ್ದ ನೆಲಮಾಳಿಗೆಗೆ ಇಳಿದೆ. ಇಡೀ ಕಟ್ಟಡಕ್ಕೆ ಅಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ದೊಡ್ಡ ಮೆಷಿನುಗಳು ಖಾಲಿ ಬಾಯಿ ತೆರೆದು ನಿಂತಿದ್ದವು. ಪುಣ್ಯ ಎಂದುಕೊಂಡು ಒಗೆದು, ಪಕ್ಕದ ಒಣಗಿಸುವ ಕೋಣೆಯ ಹಗ್ಗಗಳ ಮೇಲೆ ಮೂರು ಸೀರೆಗಳನ್ನು ಗೋಡೆಯಿಂದ ಗೋಡೆಗೆ ಹರವಿಬಿಟ್ಟೆ. ಗೋಡೆಯ ಮೇಲೆ ಒಂದು ಹಲಗೆ, ಅದರ ತುಂಬ ಪುಟ್ಟ ಪುಟ್ಟ ಬೀಗಗಳು ಇದ್ದದ್ದನ್ನು ನೋಡಿದ್ದೆ. ಅಲಂಕಾರಕ್ಕೆಂದು ತಿಳಿದಿದ್ದೆ.

ಸೀರೆ ಆರುವ ಹೊತ್ತಿಗೆ ಬುಟ್ಟಿ ಹಿಡಿದ ಒಬ್ಬ ವಯಸ್ಸಾದ ಹೆಂಗಸು ಬಂದರು. ಬೆಳ್ಳಿ ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿದ್ದರು. ನನ್ನನ್ನು ನೋಡಿದರು, ಸೀರೆಗಳನ್ನು ನೋಡಿದರು, ಹಲಗೆಯ ಮೇಲಿನ ಒಂದು ಬೀಗವನ್ನು ಬೆರಳಿನಿಂದ ತಟ್ಟಿ ತಮ್ಮ ಎದೆ ಮುಟ್ಟಿಕೊಂಡರು. ಆಗ ಅರ್ಥವಾಯಿತು. ಒಂದೊಂದು ಮನೆಗೆ ಒಂದೊಂದು ಬೀಗ. ಯಾವ ಹೊತ್ತಿನ ಮೇಲೆ ನಿಮ್ಮ ಬೀಗವಿದೆಯೋ ಆ ಹೊತ್ತಿಗೆ ಕೋಣೆ ನಿಮ್ಮದು. ನಾನು ಅವರ ಹೊತ್ತನ್ನು ನುಂಗಿ ಕೂತಿದ್ದೆ. ಬೀದಿ ನಲ್ಲಿಯ ಸಾಲಿನಲ್ಲಿ ಬೆಳೆದವಳು ನಾನು. ಜಗಳಕ್ಕೆ ಸೆರಗು ಸಿಕ್ಕಿಸಿ ನಿಂತೆ. ಭಾಷೆ ಬಾರದಿದ್ದರೇನು, ಗಂಟಲಿತ್ತಲ್ಲ.

ಅವರು ಜಗಳಕ್ಕೆ ಬರಲಿಲ್ಲ. ಸೀರೆಯ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಒಂದು ತುದಿಯ ಎರಡು ಮೂಲೆಗಳನ್ನು ಹಿಡಿದು ಹಿಂದಕ್ಕೆ ನಡೆದರು. ನಾನು ಇನ್ನೊಂದು ತುದಿ ಹಿಡಿದೆ. ಆರು ಗಜದ ಸೀರೆ ಮಡಚಲು ಎರಡು ಜೊತೆ ಕೈ ಬೇಕೆಂಬುದು ಅವರಿಗೆ ಹೇಳದೆ ತಿಳಿದಿತ್ತು. ಜಾಡಿಸಿ, ಎಳೆದು, ಒಬ್ಬರ ಕಡೆ ಒಬ್ಬರು ನಡೆದು, ತುದಿ ಕೊಟ್ಟು, ಮತ್ತೆ ಹಿಂದೆ ಸರಿದು ಮೂರೂ ಸೀರೆ ಮಡಚಿದೆವು. “ಗುನಿಲ್ಲಾ,” ಎಂದರು ಎದೆ ಮುಟ್ಟಿಕೊಂಡು. “ವಿಮಲಾ,” ಎಂದೆ. ನನ್ನ ಇಂಗ್ಲಿಷ್ ಅಳತೆ ಟೇಪಿನ ಇಂಗ್ಲಿಷ್: ಚೆಸ್ಟ್, ವೇಸ್ಟ್, ಲೆಂತ್. ಅವರದು ಅದಕ್ಕಿಂತ ಸ್ವಲ್ಪ ಮೇಲು. ಅದರಲ್ಲೇ ಅವರು ಮಧ್ಯಾಹ್ನ ಕಾಫಿಗೆ ಕರೆದರು.

ಕೆಳಗಿನ ಮಹಡಿಯ ಗುನಿಲ್ಲಾ ಮನೆಗೆ ಶೈಲಾ, ಮೇಘಾ ಜೊತೆ ಹೋದೆ. ಮೇಘಾ ಬಾಗಿಲಲ್ಲೇ “ಗುನಿಲ್ಲಾ!” ಎಂದು ಕೂಗಿದಳು.

“ಏಯ್, ಅಜ್ಜಿ ಅನ್ನು,” ಎಂದು ಗದರಿದೆ.

“ಅವ್ರ ಹೆಸರು ಗುನಿಲ್ಲಾ ಅಲ್ವಾ ದೊಡ್ಡಮ್ಮ?” ಎಂದಳು. ನನ್ನ ಜೊತೆ ಅವಳು ಪೂರ್ತಿ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು, ಹಾಗಾಗಿ ಬೈಯಲಿಲ್ಲ.

ಹಾಲಿಲ್ಲದ ಕಪ್ಪು ಕಾಫಿ, ಏಲಕ್ಕಿ ಹಾಕಿದ ಸುರುಳಿ ಬನ್ನು. ಈ ಕೂತು ಕಾಫಿ ಕುಡಿಯುವುದಕ್ಕೆ ಇವರು ಫೀಕಾ ಎಂದು ಹೆಸರಿಟ್ಟು ಆಫೀಸಿನಲ್ಲೂ ಬಿಡದೆ ಪಾಲಿಸುತ್ತಾರೆ. ಏಲಕ್ಕಿ ನಮ್ಮದೇ ಅಲ್ಲವೇ ಎಂದು ನನಗೆ ಒಳಗೊಳಗೇ ಹೆಮ್ಮೆ. ಗುನಿಲ್ಲಾ ಅಡುಗೆಮನೆಯಲ್ಲಿ ಇನ್ನೊಂದು ಕೇಕಿಗೆ ಹಿಟ್ಟು ಕಲೆಸುತ್ತ ಏನೋ ಹೇಳಿ ನಕ್ಕರು. ಶೈಲಾ ಕನ್ನಡ ಮಾಡಿದಳು: “ಹಿಟ್ಟನ್ನ ಯಾವಾಗ್ಲೂ ಗಡಿಯಾರದ ಮುಳ್ಳಿನ ಹಂಗೇ ತಿರುಗಿಸ್ಬೇಕಂತೆ, ಸೂರ್ಯ ಹೋಗೋ ಕಡೆ. ಮೆದ್‌ಸೂಲ್ಸ್, ಸೂರ್ಯನ ಜೊತೆ ಅಂತ. ಉಲ್ಟಾ ತಿರುಗಿಸಿದ್ರೆ ಇವ್ರ ಅಜ್ಜಿ ಸೌಟು ಕಿತ್ಕೊಂಡು ಬೈತಿದ್ರಂತೆ.”

“ಮತ್ತೆ! ಆರತಿ ಹೆಂಗೆ ಎತ್ತುತೀವಿ? ಹಂಗೇ ಅಲ್ವಾ?” ಎಂದೆ. ಶೈಲಾ ಅದನ್ನು ಸ್ವೀಡಿಷ್ ಮಾಡಿದಳು. ಗುನಿಲ್ಲಾ ಸೌಟು ಬಿಟ್ಟು ಬಂದು ಕೂತರು. ಅವರ ಅಜ್ಜಿಯ ಕಾಲದಲ್ಲಿ ಕ್ರಿಸ್‌ಮಸ್ ರಾತ್ರಿ ಕೆಲವರು ಗುಟ್ಟಾಗಿ ಚರ್ಚಿಗೆ ಉಲ್ಟಾ ಸುತ್ತು ಹಾಕುತ್ತಿದ್ದರಂತೆ, ಸೂರ್ಯನಿಗೆ ಎದುರಾಗಿ. ಹಾಗೆ ಸುತ್ತಿ ಬಾಗಿಲಿನ ಬೀಗದ ಕಿಂಡಿಯಲ್ಲಿ ನೋಡಿದರೆ ಬರುವ ವರ್ಷ ಊರಲ್ಲಿ ಯಾರು ಸಾಯುತ್ತಾರೆಂದು ಕಾಣುತ್ತಿತ್ತಂತೆ. ಮೆದ್‌ಸೂಲ್ಸ್ ಎಂಬ ಮಾತನ್ನು ಬಾಯಲ್ಲಿ ಹೊರಳಿಸಿ ಕಲಿತೆ. ನಾನು ಸ್ವೀಡಿಷ್‌ನಲ್ಲಿ ಹಾಗೆ ಬಾಯಿಪಾಠ ಮಾಡಿದ ಪದ ಅದೊಂದೇ.

ಮರುದಿನ ಸಂಜೆ ಶೈಲಾ ನನ್ನನ್ನು ಹಳೆಯ ಊರು ನೋಡಲು ಕರೆದುಕೊಂಡು ಹೋದಳು. ಸಂಜೆ ಎಂದೆ, ಆದರೆ ರಾತ್ರಿ ಒಂಬತ್ತಾದರೂ ಅಲ್ಲಿ ಬೆಳಕು. ಸಮುದ್ರದ ಕಡೆಯಿಂದ ಉದ್ದನೆಯ ಚೌಕ. ಅದರ ಮೂಲೆಯಲ್ಲಿ ಕೆಂಪು ಇಟ್ಟಿಗೆಯ ಪುರಭವನ, ಗೋಪುರದಲ್ಲಿ ಗಡಿಯಾರ. ಚೌಕದ ತುದಿಯಲ್ಲಿ ಅಗಲವಾದ ಕಲ್ಲಿನ ಮೆಟ್ಟಿಲುಗಳು, ಎರಡೂ ಬದಿಗೆ ಬುರುಜು. ಹತ್ತಿ ಹೋದರೆ ಗುಡ್ಡದ ತಲೆಯ ಮೇಲೆ ಒಂಟಿಯಾಗಿ ನಿಂತ ಚೌಕಾಕಾರದ ಹಳೆಯ ಗೋಪುರ. ಅದಕ್ಕೆ ಶೆರ್ನನ್ ಎನ್ನುತ್ತಾರೆ. ಡೆನ್ಮಾರ್ಕಿನವರ ಕಾಲದ ಕೋಟೆಯಂತೆ. ಊರು ಒಮ್ಮೆ ಅವರ ಕೈಗೆ, ಒಮ್ಮೆ ಇವರ ಕೈಗೆ ಹೋಗಿ ಕೊನೆಗೆ ಕೋಟೆಯನ್ನು ಕೆಡವಿ ಗೋಪುರವನ್ನಷ್ಟೇ ಉಳಿಸಿದರಂತೆ.

“ನಮ್ಮ ದುರ್ಗದ ಕೋಟೆಗೆ ಏಳು ಸುತ್ತು,” ಎಂದೆ ಸುಮ್ಮನಿರಲಾರದೆ. “ಇವರು ಒಂದು ಗೋಪುರ ಇಟ್ಕೊಂಡು ಇಷ್ಟು ಜಂಬ ಪಡ್ತಾರಲ್ಲ!”

“ಅದಕ್ಕೇ ಅಕ್ಕ. ಒಂದೇ ಉಳಿದಿರೋದ್ರಿಂದ ಜೋಪಾನ ಮಾಡ್ತಾರೆ,” ಎಂದಳು ಶೈಲಾ. ಆ ಉತ್ತರ ಕೇಳಿ ತಿರುಗಿ ನೋಡಿದೆ. ನನ್ನ ಮಾತಿಗೆ ಎದುರು ಮಾತು ಬಂದದ್ದು ಹೊಸದು.

ಕೆಳಗಿಳಿದು ಕಲ್ಲು ಹಾಸಿದ ಬೀದಿಗಳಲ್ಲಿ ನಡೆದೆವು. ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿ ಕಟ್ಟಿದ ಹಳೆಯ ಮನೆಗಳು. ಒಂದು ಮನೆಯ ಗೋಡೆ ಸ್ವಲ್ಪ ವಾಲಿತ್ತು; ನನ್ನ ಶಿಷ್ಯೆಯರು ಹೊಲಿದ ಮೊದಲ ರವಿಕೆಯ ತೋಳು ನೆನಪಾಯಿತು. ಪ್ರತಿ ಮನೆಯ ಮುಂದೆಯೂ ಶೈಲಾ ನಿಂತು ಯಾರು ಕಟ್ಟಿಸಿದ್ದು, ಯಾವ ಯುದ್ಧದಲ್ಲಿ ಬೆಂಕಿ ಬಿತ್ತು, ಇದು ಹೇಗೆ ಉಳಿಯಿತು ಎಂದು ಮೆಲ್ಲನೆ ಹೇಳುತ್ತಿದ್ದಳು. ನಡುವೆ ಬೇಕರಿಯವನು ಅವಳನ್ನು ಹೆಸರು ಹಿಡಿದು ಕರೆದು ಮಾತಾಡಿಸಿದ. ನನ್ನನ್ನೂ ಏನೋ ಕೇಳಿದ. ನಾನು ಶೈಲಾಳ ಮುಖ ನೋಡಿದೆ. “ದಾವಣಗೆರೆಯಿಂದ ಬಂದಿರೋ ನಮ್ಮಕ್ಕ ಅಂದೆ,” ಎಂದಳು. ಇಡೀ ಊರಲ್ಲಿ ನನ್ನ ಮಾತನ್ನು ಅವಳೇ ಆಡುತ್ತಿದ್ದಳು. ಅದು ವಿಚಿತ್ರವಾಗಿತ್ತು, ಹಿತವಾಗಿಯೂ ಇತ್ತು.

ಕೊನೆಗೆ ಮರಿಯಾ ಚರ್ಚಿಗೆ ಬಂದೆವು. ಊರ ನಡುವೆ ಕೂತ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ. ಮುಚ್ಚಿದ ಬಾಗಿಲ ಮುಂದೆ ನಿಂತು ಕೈ ಮುಗಿದು ನಾನು ಎಡಕ್ಕೆ ಹೊರಟೆ. ಒಂದು ಗೋಡೆ ಮುಗಿಸಿ, ಇನ್ನೊಂದನ್ನು ಹಿಡಿದು ಹಿಂಬದಿಗೆ ಬಂದರೆ ಶೈಲಾ ಎದುರಿನಿಂದ ಬಂದು ನನಗೆ ಡಿಕ್ಕಿ ಹೊಡೆದಳು.

“ಬಲಕ್ಕೆ ಹೋಗ್ಬೇಕಕ್ಕ!”

“ಯಾವೂರ ಪದ್ಧತಿನೇ ಅದು? ದೇವ್ರನ್ನ ಬಲಗಡೆ ಇಟ್ಕೊಂಡು ಸುತ್ತೋದು. ಅಪ್ರದಕ್ಷಿಣೆ ಹಾಕ್ತಾರೇನೇ?”

“ಟೂರ್ ಪ್ಲ್ಯಾನ್ ಹಂಗಿದೆ,” ಎಂದವಳು ನಾಲಿಗೆ ಕಚ್ಚಿಕೊಂಡಳು. ಅಲ್ಲೇ ಬೆಂಚಿನ ಮೇಲೆ ಕೂರಿಸಿ ತಾನೇ ಎಲ್ಲ ಹೇಳಿದಳು. ನಾನು ಹೊಸದಾಗಿ ಕೇಳಿದಂತೆ ಹುಬ್ಬು ಹಾರಿಸಿದೆ. ಹೋದ ವರ್ಷ ಅವಳ ಮಾತು ನಿಂತದ್ದು ಇದೇ ಚರ್ಚಿನ ಗೋಡೆಯ ಪಕ್ಕ.

“ಎಲ್ಲ ಗೊತ್ತಿತ್ತು ಅಕ್ಕ. ಒಂದ್ ಸಾಲು ತಪ್ತು, ಆಮೇಲೆ ಖಾಲಿ. ಎಲ್ರೂ ನನ್ನೇ ನೋಡ್ತಿದ್ರು.” ಚರ್ಚಿನ ಗೋಡೆ ನೋಡುತ್ತ ಹೇಳಿದಳು: “ಈ ಊರಲ್ಲಿ ನಾನು ಮಂಜು ಹೆಂಡ್ತಿ, ಮೇಘಾ ಅಮ್ಮ. ನಮ್ಮೂರಲ್ಲಿ ನಿನ್ ತಂಗಿ. ನನ್ ಬಾಯಿಂದಾನೇ ಒಂದು ಕೆಲ್ಸ ಆಗ್ಬೇಕು ಅಂತ ಆಸೆ. ಆದ್ರೆ ಶನಿವಾರ ನೀನು ಬರ್ಬೇಡ.”

“ಯಾಕೇ?”

“ನೀನಿದ್ರೆ ನಿನ್ ಮುಖ ನೋಡ್ತೀನಿ.”

ನನಗೆ ಚುರುಕ್ ಎಂದಿತು. ಏಳು ಸಮುದ್ರ ದಾಟಿ ಬಂದು ಮನೆಯಲ್ಲಿ ಕೂರಬೇಕೇ? “ಎತ್ತರದವರ ಹಿಂದೆ ಅಡಗಿ ನಿಲ್ತೀನಿ. ಇಲ್ಲಿ ಎತ್ತರದವರಿಗೇನು ಬರವಾ?” ಎಂದೆ. ಅವಳು ನಕ್ಕಳು, ಒಪ್ಪಿದಳು. ಮೇಘಾ ಮಾತ್ರ ಬರಕೂಡದೆಂದು ಮೊದಲೇ ತೀರ್ಮಾನವಾಗಿತ್ತು. ಬಂದರೆ ಅಮ್ಮನ ಸ್ವೀಡಿಷ್ ಉಚ್ಚಾರವನ್ನು ಎಲ್ಲರ ಮುಂದೆ ತಿದ್ದುತ್ತಾಳಂತೆ. ಮಂಜುನಾಥ್ ಅವಳನ್ನು ಹಡಗಿನಲ್ಲಿ ಡೆನ್ಮಾರ್ಕಿಗೆ ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸುವುದೆಂದು ಗೊತ್ತುಮಾಡಿದ್ದರು.

ಶನಿವಾರ ಬೆಳಿಗ್ಗೆ ಮೋಡ, ಗಾಳಿ. ನಾನು ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟು, ಮೇಲೆ ಮಂಜುನಾಥರ ಜಾಕೆಟ್ ಹಾಕಿಕೊಂಡೆ. ಅಡಗಿ ನಿಲ್ಲುವವಳ ವೇಷ ಅದಲ್ಲ ಎಂದು ಆಮೇಲೆ ಹೊಳೆಯಿತು. ಪರೀಕ್ಷೆಗೆ ಅಭ್ಯರ್ಥಿಯೇ ಕೇಳುಗರನ್ನು ಕರೆತರಬೇಕು. ಪುರಭವನದ ಮುಂದೆ ನಮ್ಮ ಕಟ್ಟಡದವರು ನಿಂತಿದ್ದರು: ಗುನಿಲ್ಲಾ, ಮೂರನೆಯ ಮಹಡಿಯ “ಹೇ” ದಂಪತಿ, ಮೆಟ್ಟಿಲಲ್ಲಿ ಗೋಡೆ ಸವರಿ ಹೋಗುತ್ತಿದ್ದ ಇನ್ನೂ ಕೆಲವರು. ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ, ರಜೆಯ ದಿನದ ನಿದ್ದೆ ಬಿಟ್ಟು ಬಂದಿದ್ದರು. ರೈಲಿನಲ್ಲಿ ಮಾಡಿದ್ದ ನನ್ನ ತೀರ್ಮಾನವನ್ನು ಅಲ್ಲೇ ವಾಪಸ್ ತೆಗೆದುಕೊಂಡೆ. ಪರೀಕ್ಷೆ ಮಾಡುವವರು ನರೆತ ಗಡ್ಡದ ಹಿರಿಯ ಗೈಡ್ ಒಬ್ಬರು. ಕಂಕುಳಲ್ಲಿ ಒಂದು ಫೈಲು, ಮುಖದಲ್ಲಿ ಏನೂ ಇಲ್ಲ.

ಶೈಲಾ ಶುರು ಮಾಡಿದಳು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ದನಿ ಅರ್ಥವಾಗುತ್ತಿತ್ತು. ಚೌಕದಲ್ಲಿ ಅದು ನಡುಗಿತು. ಮೆಟ್ಟಿಲು ಹತ್ತುವಾಗ ಗಟ್ಟಿಯಾಯಿತು. ಗೋಪುರದ ಕೆಳಗೆ ಅವಳು ಕೈ ಎತ್ತಿ ಏನೋ ತೋರಿಸಿದಾಗ ಅಷ್ಟು ಜನರ ತಲೆ ಒಟ್ಟಿಗೆ ಮೇಲೆ ಹೋಯಿತು. ನನ್ನ ತಂಗಿಯ ಒಂದು ಬೆರಳಿಗೆ ಅಷ್ಟು ತಲೆಗಳು! ಮೂರನೆಯ ಮಹಡಿಯ ಗಂಡಸಿನ ಅಗಲ ಬೆನ್ನಿನ ಹಿಂದೆ ನಿಂತು ನಾನು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡೆ. ಹಳೆಯ ಬೀದಿಗಳಲ್ಲಿ ಒಮ್ಮೆ ಎಲ್ಲರೂ ನಕ್ಕರು. ಅರ್ಥವಾಗದಿದ್ದರೂ ನಾನೂ ನಕ್ಕೆ, ಒಂದು ಗಳಿಗೆ ತಡವಾಗಿ.

ಚರ್ಚು ಕೊನೆಯ ಜಾಗ. ಬಾಗಿಲ ಮುಂದೆ ಶೈಲಾ ಮಾತು ಮುಗಿಸಿ “ಬನ್ನಿ” ಎಂಬಂತೆ ಕೈ ತೋರಿದಳು. ನನ್ನ ಕಾಲು ತಾನಾಗಿ ಎಡಕ್ಕೆ ತಿರುಗಿತು. ತಿರುಗಿದ ಮೇಲೆ ಪ್ಲ್ಯಾನ್ ನೆನಪಾಗಿ ನಿಂತೆ. ಆದರೆ ಮುಂದೆ ನೋಡಿದರೆ ಶೈಲಾಳೂ ಎಡಕ್ಕೇ ಹೊರಟಿದ್ದಳು. ಎಷ್ಟು ತಿಂಗಳು ಬಲಕ್ಕೆ ನಡೆದು ಅಭ್ಯಾಸ ಮಾಡಿದ್ದಳೋ. ಅವಸರದಲ್ಲಿ ಅವಳ ಕಾಲಿಗೆ ನೆನಪಾದದ್ದು, ಅಮ್ಮನ ಸೆರಗು ಹಿಡಿದು ನಡೆಯುವಾಗ ಕಲಿತ ಸುತ್ತು. ಗುಂಪು ಅವಳ ಹಿಂದೆ ಹೋಯಿತು. ಗೋಡೆಯ ಮಗ್ಗುಲಿಗೆ ಬಂದು ನಿಂತಾಗ ಅವಳಿಗೆ ಗೊತ್ತಾಯಿತು. ಪ್ಲ್ಯಾನಿನ ಪ್ರಕಾರ ಅದು ಕಟ್ಟಕಡೆಯ ನಿಲುಗಡೆ. ಅಲ್ಲಿಯ ಕಥೆ ಹೇಳಿ ಎಲ್ಲರಿಗೂ ನಮಸ್ಕಾರ ಹೇಳುವುದೆಂದು ಬಾಯಿಪಾಠ ಮಾಡಿದ್ದಳು. ಕಥೆಯ ಕೊನೆ ಮೊದಲೇ ಬಂದು ನಿಂತಿತ್ತು.

ಗಡ್ಡದವರು ಫೈಲು ತೆರೆದು ನೋಡಿ ಹುಬ್ಬು ಗಂಟಿಕ್ಕಿದರು. ಶೈಲಾ ಬಾಯಿ ತೆರೆದಳು, ಮುಚ್ಚಿದಳು. ಆ ಮೌನ ನನಗೆ ಹಳೆಯ ಪರಿಚಯ. ಅಷ್ಟರಲ್ಲಿ ನನ್ನ ಮುಂದಿದ್ದ ಅಗಲ ಬೆನ್ನು ಪಕ್ಕಕ್ಕೆ ಸರಿಯಿತು. ಶೈಲಾ ನೇರವಾಗಿ ನನ್ನ ಮುಖ ನೋಡಿದಳು.

ನನ್ನ ತುಟಿ ಆಡಿತು. ಏನು ಹೇಳಿಕೊಡಲಿ? ಅವಳ ಮಾತು ನನ್ನಲ್ಲಿ ಇರಲಿಲ್ಲ. ಇದ್ದಿದ್ದರೆ ಅಲ್ಲಿಂದಲೇ ಹೇಳಿಕೊಟ್ಟು, ಅವಳ ಪರೀಕ್ಷೆಯನ್ನೂ ನಾನೇ ಪಾಸು ಮಾಡಿಬಿಡುತ್ತಿದ್ದೆ. ಏನು ಮಾಡಲೂ ತೋಚದೆ, ಅವಳಿಗೆ ನನ್ನ ಮುಖ ಸಿಗದಂತೆ ತಿರುಗಿ ನಿಂತೆ. ತಂಗಿಗೆ ನಾನು ಬೆನ್ನು ಹಾಕಿದ್ದು ಅದೇ ಮೊದಲು. ಎದುರಿಗೆ ಒಂದು ಅಂಗಡಿಯ ಗಾಜು, ಅದರೊಳಗೆ ಟೀ ಲೋಟಗಳು. ಅವನ್ನೇ ನೋಡುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದೆ. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಆಮೇಲೆ ಅವಳ ದನಿ ಬಂತು. ಮೊದಲು ಸಣ್ಣಗೆ, ಆಮೇಲೆ ನಿಧಾನವಾಗಿ, ಬಾಯಿಪಾಠದ ಓಟವಿಲ್ಲದೆ, ಮನೆಯಲ್ಲಿ ಕೂತು ಆಡುವ ಹಾಗೆ. ಆ ಅರ್ಥವಾಗದ ಮಾತುಗಳ ನಡುವೆ ಒಂದು ಪದ ನನಗೆ ಅರ್ಥವಾಯಿತು: ಮೆದ್‌ಸೂಲ್ಸ್. ಸೂರ್ಯನ ಜೊತೆ! ಮತ್ತೊಮ್ಮೆ ಬಂತು. ಎಲ್ಲರೂ ಗೊಳ್ಳೆಂದು ನಕ್ಕರು. ತಿರುಗಿ ನೋಡಿದರೆ ಶೈಲಾ ಗಾಳಿಯಲ್ಲಿ ಆರತಿ ಎತ್ತುವಂತೆ ಕೈ ತಿರುಗಿಸಿ ತೋರಿಸುತ್ತಿದ್ದಳು, ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಮೂರನೆಯ ಮಹಡಿಯವರು ನನಗೆ ದಾರಿ ಬಿಟ್ಟು ಟೊಪ್ಪಿ ಎತ್ತಿದರು.

ಅವಳು ಹೇಳಿದ್ದೇನೆಂದು ಆಮೇಲೆ ಗುನಿಲ್ಲಾ ತಮ್ಮ ಇಂಗ್ಲಿಷ್‌ನಲ್ಲಿ, ಕೈಸನ್ನೆ ಸೇರಿಸಿ ತಿಳಿಸಿದರು. “ನಾನು ನಿಮ್ಮನ್ನು ತಪ್ಪು ದಾರಿಯಲ್ಲಿ ಕರೆತಂದೆ. ನಮ್ಮ ಊರಲ್ಲಿ ದೇವರ ಮನೆಯನ್ನು ಸೂರ್ಯನ ಜೊತೆಯೇ ಸುತ್ತುತ್ತೇವೆ, ನನ್ನ ಕಾಲು ಮರೆತಿಲ್ಲ. ಅಗೋ, ನನ್ನ ಅಕ್ಕನ ಕಾಲೂ ಮರೆತಿಲ್ಲ. ನಿಮ್ಮ ಅಜ್ಜಿಯರೂ ಹಿಟ್ಟನ್ನು ಸೂರ್ಯನ ಜೊತೆಯೇ ತಿರುಗಿಸುತ್ತಿದ್ದರಂತೆ. ಸೂರ್ಯನಿಗೆ ಎದುರಾಗಿ ಚರ್ಚು ಸುತ್ತುತ್ತಿದ್ದವರು, ಬರುವ ವರ್ಷ ಯಾರು ಸಾಯುತ್ತಾರೆಂದು ತಿಳಿಯುವ ಆಸೆಯವರು ಮಾತ್ರ. ನಮ್ಮ ಟೂರ್ ಇಷ್ಟು ದಿನ ಪ್ರವಾಸಿಗರನ್ನು ಆ ಕಡೆಯಿಂದಲೇ ಸುತ್ತಿಸುತ್ತಿತ್ತು. ಇವತ್ತು ನೀವು ಕ್ಷೇಮವಾಗಿ ಮನೆಗೆ ಹೋಗಬಹುದು.” ಹೀಗೆಂದು, ಕೊನೆಯಿಂದ ಮೊದಲಿಗೆ ಒಂದೊಂದೇ ಕಥೆ ಹೇಳುತ್ತ ಇಡೀ ಸುತ್ತು ಮುಗಿಸಿದಳು. ಮತ್ತೆ ನನ್ನ ಕಡೆ ನೋಡಿದಳೋ ಇಲ್ಲವೋ, ನಾನು ಮಾತ್ರ ಬಾಗಿಲಿಗೆ ಬರುವವರೆಗೂ ತಲೆ ಎತ್ತಲಿಲ್ಲ.

ಗಡ್ಡದವರು ಅವಳನ್ನು ಪಕ್ಕಕ್ಕೆ ಕರೆದು ತುಂಬ ಹೊತ್ತು ಮಾತಾಡಿದರು. ಅವಳು ತಲೆ ಆಡಿಸುತ್ತಿದ್ದಳು. ಆಮೇಲೆ ಓಡಿ ಬಂದು ನನ್ನ ಜಾಕೆಟ್ಟಿನಲ್ಲಿ ಮುಖ ಹುದುಗಿಸಿದಳು.

“ಏನಂದ್ರೇ? ಹೇಳೇ!”

“ಪ್ಲ್ಯಾನ್ ತಪ್ಪಿದ್ದಕ್ಕೆ ಮಾರ್ಕ್ಸ್ ಕಟ್ ಅಂತೆ. ಆದ್ರೂ ಪಾಸ್ ಅಂತೆ ಅಕ್ಕ! ಬುಧವಾರದಿಂದ ಒಂದು ಗುಂಪು ನಂದೇ. ಚರ್ಚನ್ನ ಯಾವ ಕಡೆಯಿಂದ ಸುತ್ತಿಸ್ತೀಯೋ ನಿನಗೆ ಬಿಟ್ಟಿದ್ದು ಅಂದ್ರು.”

ನಾನು ಆ ಚರ್ಚಿನ ಮುಂದೆ, ಅಷ್ಟು ಮಿತಭಾಷಿಗಳ ನಡುವೆ, ದಾವಣಗೆರೆಯ ಗಂಟಲಿನಲ್ಲಿ “ನಮ್ ಶೈಲಾ!” ಎಂದು ಕೂಗಿಬಿಟ್ಟೆ. ಪಾರಿವಾಳಗಳು ಎದ್ದು ಹಾರಿದವು. ಗುನಿಲ್ಲಾ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಆ ಸಂಜೆ ನಾನು ತಂದಿದ್ದ ಮಂಡಕ್ಕಿಗೆ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿದು ಇಡೀ ಕಟ್ಟಡಕ್ಕೆ ಹಂಚಿದೆವು. ಮೂರನೆಯ ಮಹಡಿಯವರು ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದಕ್ಕೆ ಕೈ ಚಾಚಿದರು. ಮಾರನೆಯ ದಿನದಿಂದ ಮೆಟ್ಟಿಲಲ್ಲಿ “ಹೇ” ಜೊತೆಗೆ “ವಿಮಲಾ” ಸೇರಿತು.

ನಾನು ಹೊರಡುವುದೂ ಅದೇ ಬುಧವಾರವಾಯಿತು. ರೈಲಿನ ಹೊತ್ತು, ಶೈಲಾಳ ಮೊದಲ ಗುಂಪಿನ ಹೊತ್ತು ಎರಡೂ ಒಂದೇ. “ಸ್ಟೇಷನ್ನಿಗೆ ಬರೋಕೆ ಆಗಲ್ವಲ್ಲ ಅಕ್ಕ,” ಎಂದು ಬೆಳಿಗ್ಗೆಯಿಂದ ಮುಖ ಸಣ್ಣ ಮಾಡಿಕೊಂಡಿದ್ದಳು. “ಬಂದ್ರೆ ಒದೀತೀನಿ,” ಎಂದೆ. ಅವಳ ಕೋಟಿನ ಮೇಲೆ ಗೈಡಿನ ಬಿಲ್ಲೆ ಓರೆಯಾಗಿತ್ತು; ಪಿನ್ನು ತೆಗೆದು ನೆಟ್ಟಗೆ ಹಾಕಿದೆ. ಅಷ್ಟೇ ನನ್ನಿಂದ ಆದ ಸಹಾಯ.

ಪೆಟ್ಟಿಗೆ ಎಳೆದುಕೊಂಡು ಇಳಿಯುವಾಗ ಮಂಜುನಾಥರಿಗೆ ಹೇಳಿ ಚರ್ಚಿನ ಎದುರಿನ ಬೀದಿಗೆ ಬಂದೆ. ಆ ಟೀ ಲೋಟಗಳ ಅಂಗಡಿಯ ಮಗ್ಗುಲಲ್ಲಿ, ಒಂದು ಮರದ ಹಿಂದೆ ನಿಂತೆ. ಬಿಸಿಲು ಬಿದ್ದಿತ್ತು. ಬಾಗಿಲ ಮುಂದೆ ಶೈಲಾ, ಅವಳ ಸುತ್ತ ಛತ್ರಿ, ಕ್ಯಾಮೆರಾ ಹಿಡಿದ ಅಪರಿಚಿತರ ಗುಂಪು. ಅವಳು ಏನೋ ಹೇಳಿದಳು, ಅವರು ನಕ್ಕರು. ಹಿಂದಿದ್ದ ಒಬ್ಬ ಮುದುಕಿ ಏನೋ ಕೇಳಿದಳು. ಹಳೆಯ ಅಭ್ಯಾಸ, ನನ್ನ ತುಟಿ ಆಡಿತು. ಶೈಲಾ ಆ ಮುದುಕಿಯ ಕಡೆ ಬಾಗಿ, ಒಂದು ಗಳಿಗೆ ಯೋಚಿಸಿ, ಉತ್ತರ ಕೊಟ್ಟಳು.

ಆಮೇಲೆ ಕೈ ಎತ್ತಿ ಎಲ್ಲರನ್ನೂ ಕರೆದುಕೊಂಡು ಎಡಕ್ಕೆ ತಿರುಗಿದಳು. ಸೂರ್ಯನ ಜೊತೆ, ಚರ್ಚನ್ನು ಬಲಗಡೆ ಇಟ್ಟುಕೊಂಡು, ಅಷ್ಟು ದೊಡ್ಡ ಗುಂಪು ನನ್ನ ತಂಗಿಯ ಹಿಂದೆ ನಡೆಯಿತು. ತಿರುವಿನಲ್ಲಿ ಅವಳು ನಾನಿದ್ದ ಬೀದಿಗೇ ಮುಖ ಮಾಡಿದಳು. ರೇಷ್ಮೆ ಸೀರೆ, ಪೆಟ್ಟಿಗೆ, ಮಂಜುನಾಥ್ ಎಲ್ಲವೂ ಮರದ ಆಚೀಚೆ ಕಾಣುವಂತೆಯೇ ಇದ್ದವು.

“ಕರೀಲಾ ಅಕ್ಕ?” ಎಂದರು ಮಂಜುನಾಥ್.

“ಬೇಡ,” ಎಂದೆ.

ಅವಳು ತನ್ನ ಜನರನ್ನು ನೋಡುತ್ತ, ಮಾತಾಡುತ್ತ, ಗೋಡೆಯ ಆಚೆ ಮರೆಯಾದಳು. ನನ್ನ ಮುಖ ನೋಡಲೇ ಇಲ್ಲ.